ಯಕ್ಷಗಾನ ಸಂಘವನ್ನು ಮುಚ್ಚಬೇಕು, ಚೆಂಡೆ ಮದ್ದಳೆ ಏನು ಮಾಡೋದು?

ಪ್ರಶ್ನೆ: ನಮಸ್ಕಾರ ಸರ್. ನಾನು ನಿವೃತ್ತ ಅಧ್ಯಾಪಕ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಯಕ್ಷಗಾನ ಸಂಘ ಇದೆ, ನಾನೇ ಕಾರ್ಯದರ್ಶಿ. 1860ರ ಸೊಸೈಟಿ ಕಾಯ್ದೆಯಲ್ಲಿ ರಿಜಿಸ್ಟರ್ ಆಗಿದೆ. ಪುಸ್ತಕದಲ್ಲಿ 62 ಸದಸ್ಯರು. 14 ಮಂದಿ ತೀರಿಕೊಂಡಿದ್ದಾರೆ, ಉಳಿದವರಲ್ಲಿ ಜಾಸ್ತಿ ಜನ ಬೆಂಗಳೂರು, ಮುಂಬೈ, ಗಲ್ಫ್‌ನಲ್ಲಿ. ನಾಲ್ಕು ವರ್ಷದಿಂದ ತರಗತಿಯೂ ಇಲ್ಲ, ವಂತಿಗೆಯೂ ಇಲ್ಲ. ಬ್ಯಾಂಕಿನಲ್ಲಿ 1,18,000 ರೂಪಾಯಿ ಇದೆ. ಎರಡು ಚೆಂಡೆ, ಮೂರು ಮದ್ದಳೆ, ಒಂದು ಪೆಟ್ಟಿಗೆ ವೇಷದ ಸಾಮಾನು ನಮ್ಮ ಅಟ್ಟದಲ್ಲಿವೆ. ಊರಲ್ಲಿರುವವರು ಹಂಚಿಕೊಂಡು ಮುಗಿಸೋಣ ಅನ್ನುತ್ತಾರೆ. ಆಗಬಹುದಾ?

ಉತ್ತರ (ಲೆಕ್ಕಪರಿಶೋಧಕರು, ಕಾಸರಗೋಡು): ಬೇಡ ಮಾಸ್ಟ್ರೇ. ಒಂದು ರೂಪಾಯಿಯನ್ನೂ ಹಂಚಬೇಡಿ. ಸಾಲ ತೀರಿಸಿ ಉಳಿದದ್ದು ಸದಸ್ಯರಿಗೆ ಹೋಗಬಾರದು, ಬೇರೊಂದು ಸೊಸೈಟಿಗೇ ಹೋಗಬೇಕು ಎಂದು ಆ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಮದ್ದಳೆಗೂ ಅದೇ ಮಾತು. ಅದು ಇನ್ನೊಂದು ಊರಿನ ಮಕ್ಕಳ ಕೈಗೆ ಹೋದರೆ ನಿಮಗೂ ಸಮಾಧಾನ ಅಲ್ವಾ?

ಮುಚ್ಚಲಿಕ್ಕೆಂದೇ ಮಹಾಸಭೆ ಕರೆಯಬೇಕು. ಐದರಲ್ಲಿ ಮೂರು ಪಾಲು ಸದಸ್ಯರು ಒಪ್ಪಬೇಕು. ಸಭೆಗೆ ಬಂದವರಲ್ಲಿ ಅಲ್ಲ, ಒಟ್ಟು ಸದಸ್ಯರಲ್ಲಿ. ನಿಮ್ಮ 48 ಮಂದಿಯಲ್ಲಿ 29 ಮತ ಬೇಕು. ಆದರೆ ಮೂರು ತಿಂಗಳಿಗಿಂತ ಜಾಸ್ತಿ ವಂತಿಗೆ ಬಾಕಿ ಇದ್ದವರಿಗೆ ಮತ ಇಲ್ಲ, ಅವರು ಸದಸ್ಯರ ಲೆಕ್ಕಕ್ಕೂ ಬರುವುದಿಲ್ಲ. ನಾಲ್ಕು ವರ್ಷ ಯಾರೂ ಕೊಟ್ಟಿಲ್ಲ ಅಂದರೆ ಇವತ್ತು ನಿಮಗೂ ಮತ ಇಲ್ಲ! ಹಾಗಾಗಿ ಮೊದಲು ಬಾಕಿ ವಸೂಲಿ ಮಾಡಿ, ರಸೀದಿ ಹರಿದು ಕೊಡಿ. ಆಮೇಲೆ ನೋಟಿಸು. ದೂರದವರು ತಮ್ಮ ಪರವಾಗಿ ಇನ್ನೊಬ್ಬರು ಮತ ಹಾಕಲು ಒಪ್ಪಿಗೆ ಕೊಡುವ ಪ್ರಾಕ್ಸಿ ಪತ್ರಕ್ಕೆ ಸಹಿ ಮಾಡಿ ಕಳಿಸಲಿ. ವಾಟ್ಸ್ಯಾಪ್‌ನಲ್ಲಿ ‘ಓಕೆ’ ಅಂದರೆ ಅದನ್ನು ಮತ ಅಂತ ಹಿಡಿಯಬೇಡಿ.

ಸಂಘಕ್ಕೆ 12ಎ ನೋಂದಣಿ, ಅಂದರೆ ಆದಾಯ ತೆರಿಗೆ ವಿನಾಯಿತಿಗಾಗಿ ಮಾಡಿಸುವ ನೋಂದಣಿ, ಇದ್ದರೆ ಸಾಮಾನು, ಹಣ ಹೋಗುವ ಸಂಘಕ್ಕೂ ಅದೇ ನೋಂದಣಿ ಇರಬೇಕು. ಇಲ್ಲವಾದರೆ ಆಸ್ತಿಯ ಮೇಲೆ ಆದಾಯ ತೆರಿಗೆ ಬೀಳುತ್ತದೆ, ಅದೂ ಗರಿಷ್ಠ ದರದಲ್ಲಿ.

ಪ್ರಶ್ನೆ: ನೋಂದಣಿ 1979ರದು, 12ಎ ಇಲ್ಲ. ಅರ್ಜಿ ಮಲಯಾಳದಲ್ಲೇ ಕೊಡಬೇಕಾ? ಓದುತ್ತೇನೆ, ಬರೆಯುವುದು ಕಷ್ಟ.

ಉತ್ತರ: ಕನ್ನಡದಲ್ಲೇ ಬರೆಯಿರಿ. ನಮ್ಮ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಕೇರಳದ 1969ರ ಭಾಷಾ ಕಾಯ್ದೆ ಕೊಟ್ಟಿದೆ, ಉತ್ತರವನ್ನೂ ಕನ್ನಡದಲ್ಲಿ ಕೇಳಬಹುದು. ಠರಾವಿನ ಪ್ರತಿ ಜಿಲ್ಲಾ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. 1984ರ ಮೇ ತನಕ ನಾವು ಕಣ್ಣೂರು ಜಿಲ್ಲೆಯಲ್ಲಿದ್ದೆವು, ಹಾಗಾಗಿ ನಿಮ್ಮ ಹಳೆಯ ಫೈಲು ಎಲ್ಲಿದೆ ಎಂದು ಮೊದಲೇ ವಿಚಾರಿಸಿ. ಸರಕಾರದ ಅನುದಾನ ಯಾವಾಗಲಾದರೂ ಬಂದಿದ್ದರೆ ಅದನ್ನೂ ಹೇಳಿ, ಆಗ ಸರಕಾರದ ಒಪ್ಪಿಗೆ ಬೇಕಾಗುತ್ತದೆ.

ಅಟ್ಟದ ಪೆಟ್ಟಿಗೆಯನ್ನು ಇಬ್ಬರ ಎದುರು ತೆರೆಯಿರಿ. ಕಿರೀಟ ಎಷ್ಟು, ಭುಜಕೀರ್ತಿ ಎಷ್ಟು, ಗೆಜ್ಜೆ ಎಷ್ಟು ಜೊತೆ, ಎಲ್ಲ ಬರೆದು ಸಹಿ ಹಾಕಿಸಿ. ತೆಗೆದುಕೊಳ್ಳುವ ಸಂಘದವರ ರಸೀದಿ ಕೈಗೆ ಬಂದ ಮೇಲೆಯೇ ಬ್ಯಾಂಕ್ ಖಾತೆ ಮುಚ್ಚಿ.