ಮಿಲಿಸೆಕೆಂಡಿಗೊಂದು ಕರೆಂಟ್ ರೀಡಿಂಗ್: ಕೀತ್ಲಿ 2400 ಬಳಸಿದವರ ಅನುಭವ ಬೇಕು

ಪ್ರಶ್ನೆ: ಟ್ರಾನ್ಸಿಸ್ಟರ್‌ಗೆ 10 ವೋಲ್ಟ್ ಕೊಟ್ಟ ಕೂಡಲೇ ಮೈಕ್ರೊಆಂಪಿಯರ್ ಮಟ್ಟದ ಕರೆಂಟ್ ಹೇಗೆ ಇಳಿಯುತ್ತದೆ ಎಂದು ನೋಡಬೇಕಾಗಿದೆ. ವೋಲ್ಟೇಜ್ ಕೊಟ್ಟು ಕರೆಂಟನ್ನೂ ಅಳೆಯುವ ಕೀತ್ಲಿ 2400 ಉಪಕರಣದಿಂದ ಪೈಥಾನ್ ಲೂಪ್‌ನಲ್ಲಿ ಒಂದೊಂದೇ ರೀಡಿಂಗ್ ಕೇಳುತ್ತಿದ್ದೇನೆ. ಸೆಕೆಂಡಿಗೆ ಹತ್ತು ಹದಿನೈದಕ್ಕಿಂತ ಹೆಚ್ಚು ಬರುತ್ತಿಲ್ಲ. ಉಪಕರಣಕ್ಕೂ ಕಂಪ್ಯೂಟರಿಗೂ ಜಿಪಿಐಬಿ (ಅಳತೆ ಉಪಕರಣಗಳನ್ನು ಜೋಡಿಸುವ ಕೇಬಲ್ ವ್ಯವಸ್ಥೆ) ಸಂಪರ್ಕವಿದೆ. ಇದನ್ನು ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ಆ ಲೂಪ್ ಕೈಬಿಡಿ. ಒಂದು ರೀಡಿಂಗ್‌ಗೆ ವಿದ್ಯುತ್ ಲೈನಿನ ಒಂದು ಆವರ್ತ ಎಂದು ಇಟ್ಟರೆ ನಮ್ಮ 50 ಹರ್ಟ್ಸ್‌ನಲ್ಲಿ 20 ಮಿಲಿಸೆಕೆಂಡ್ ಹೋಗುತ್ತದೆ. ಆಟೊಜೀರೊ (ಸೊನ್ನೆಯನ್ನು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆ) ಚಾಲೂ ಇದ್ದರೆ ಉಪಕರಣ ಪ್ರತಿ ಸಲವೂ ಸೊನ್ನೆಯನ್ನೂ ರೆಫರೆನ್ಸನ್ನೂ ಅಳೆಯುತ್ತದೆ, ಅಂದರೆ ಸುಮಾರು 60. ನಿಮ್ಮ ಹದಿನೈದರ ಲೆಕ್ಕ ಅಲ್ಲಿಗೇ ಸಿಕ್ಕಿತು.

ಅಳತೆಯ ಅವಧಿಯನ್ನು 0.01 ಆವರ್ತಕ್ಕೆ, ಅಂದರೆ 200 ಮೈಕ್ರೊಸೆಕೆಂಡಿಗೆ ಇಳಿಸಿ. ಆಟೊರೇಂಜ್ ತೆಗೆದು ರೇಂಜನ್ನು, ಅಂದರೆ ಅಳೆಯಬಹುದಾದ ಕರೆಂಟಿನ ವ್ಯಾಪ್ತಿಯನ್ನು, ನೀವೇ ನಿಗದಿಪಡಿಸಿ. ಆಟೊಜೀರೊವನ್ನು ಆರಂಭದಲ್ಲಿ ಒಮ್ಮೆ ಮಾಡಿಸಿ ನಿಲ್ಲಿಸಿ. ಡಿಸ್‌ಪ್ಲೇ ಆರಿಸಿ, ಕರೆಂಟ್ ಒಂದನ್ನೇ ಅಳೆಯಲು ಹೇಳಿ, ಸೋರ್ಸ್ ಮತ್ತು ಟ್ರಿಗರ್ ಡಿಲೇ (ಅಳೆಯುವ ಮೊದಲು ಕಾಯುವ ಸಮಯ) ಸೊನ್ನೆ ಮಾಡಿ. ಉಪಕರಣದೊಳಗಿನ ಬಫರ್‌ನಲ್ಲಿ (ರೀಡಿಂಗ್ ಕೂಡಿಡುವ ಮೆಮೊರಿ) 2500 ರೀಡಿಂಗ್ ಹಿಡಿಯುತ್ತದೆ. ಟ್ರಿಗರ್ ಸಂಖ್ಯೆಯನ್ನೂ (ಎಷ್ಟು ಸಲ ಅಳೆಯಬೇಕು ಎಂಬುದು) ಅಷ್ಟೇ ಇಟ್ಟು ಒಮ್ಮೆ ಚಾಲನೆ ಕೊಡಿ, ಎಲ್ಲ ಮುಗಿದ ಮೇಲೆ ಒಟ್ಟಿಗೆ ತರಿಸಿಕೊಳ್ಳಿ. ಸಮಯವನ್ನು ಕಂಪ್ಯೂಟರಿನ ಗಡಿಯಾರದಿಂದ ತೆಗೆದುಕೊಳ್ಳಲೇಬೇಡಿ. ಪ್ರತಿ ರೀಡಿಂಗ್ ಜೊತೆ ಉಪಕರಣದ ಸಮಯದ ಗುರುತನ್ನೇ ಕೇಳಿ. ಪೈವೀಸಾದಲ್ಲಿ (ಪೈಥಾನ್‌ನಿಂದ ಉಪಕರಣದ ಜೊತೆ ಮಾತಾಡುವ ಲೈಬ್ರರಿ) ಉತ್ತರಕ್ಕೆ ಕಾಯುವ ಟೈಮ್‌ಔಟ್ ತಾನಾಗಿ 2 ಸೆಕೆಂಡ್ ಇರುತ್ತದೆ. ಅದನ್ನು 10ಕ್ಕೆ ಏರಿಸದಿದ್ದರೆ ಬಫರ್ ತುಂಬುವ ಮೊದಲೇ ಪ್ರೋಗ್ರಾಂ ದೋಷ ತೋರಿಸಿ ನಿಲ್ಲಬಹುದು.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಆದರೆ ರೀಡಿಂಗ್ ಬೇಗ ಬಂದ ಮಾತ್ರಕ್ಕೆ ಅದು ನಿಮ್ಮ ಟ್ರಾನ್ಸಿಸ್ಟರ್‌ನ ಕರೆಂಟ್ ಎಂದು ನಂಬಬೇಡಿ. ಕೊಏಕ್ಸಿಯಲ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟನ್ಸ್ (ಚಾರ್ಜ್ ತುಂಬಿಕೊಳ್ಳುವ ಗುಣ) ಇರುತ್ತದೆ. 10 ವೋಲ್ಟ್ ಏರಿಸುವಾಗ ಮೊದಲು ತುಂಬುವುದು ಕೇಬಲ್ಲೇ. ಕಾಂಪ್ಲಯನ್ಸ್ (ಉಪಕರಣ ಕೊಡುವ ಕರೆಂಟಿನ ಗರಿಷ್ಠ ಮಿತಿ) 1 ಮೈಕ್ರೊಆಂಪಿಯರ್ ಇದ್ದರೆ ಪ್ರತಿ ಮೀಟರ್ ಕೇಬಲ್‌ಗೆ 1 ಮಿಲಿಸೆಕೆಂಡ್ ಇದಕ್ಕೇ ಹೋಗುತ್ತದೆ. ಎರಡು ಮೀಟರ್ ಕೇಬಲ್ ಎಂದರೆ ನಿಮಗೆ ಬೇಕಾದ ಮೊದಲ ಎರಡು ಬಿಂದುಗಳೇ ಸುಳ್ಳು! ಕೇಬಲ್ ಚಿಕ್ಕದು ಮಾಡಿ, ಸಾಧ್ಯವಾದರೆ ಟ್ರಯಾಕ್ಸಿಯಲ್ (ಎರಡು ಕವಚದ) ಕೇಬಲ್ ಹಾಕಿ ಅದರ ಒಳಕವಚಕ್ಕೆ ಗಾರ್ಡ್ (ನಡುತಂತಿಯ ವೋಲ್ಟೇಜನ್ನೇ ಕೊಡುವ ಟರ್ಮಿನಲ್) ಜೋಡಿಸಿ. ಟ್ರಾನ್ಸಿಸ್ಟರ್ ತಾಳುವುದಾದರೆ ಕಾಂಪ್ಲಯನ್ಸನ್ನೂ ರೇಂಜನ್ನೂ ಒಂದು ಹಂತ ಮೇಲಕ್ಕೇರಿಸಿ. ಸೂಕ್ಷ್ಮತೆ ಸ್ವಲ್ಪ ಕಡಿಮೆಯಾಗುತ್ತದೆ, ಆದರೂ ಈ ಅಳತೆಗೆ ಅದೇ ವಾಸಿ.

ಉತ್ತರ 3: 200 ಮೈಕ್ರೊಸೆಕೆಂಡಿನ ಅಳತೆಯಲ್ಲಿ ಲೈನಿನ 50 ಹರ್ಟ್ಸ್ ಗದ್ದಲ ನೇರವಾಗಿ ಕಾಣುತ್ತದೆ. ರೀಡಿಂಗ್‌ಗಳ ಅಂತರ ಸರಿಯಾಗಿ 1 ಮಿಲಿಸೆಕೆಂಡ್ ಇದ್ದರೆ, ಕರೆಂಟ್ ನಿಧಾನವಾದ ಬಾಲದ ಭಾಗದಲ್ಲಿ ಇಪ್ಪತ್ತರ ಸರಾಸರಿ ತೆಗೆದುಕೊಳ್ಳಿ, ಗದ್ದಲ ಹೆಚ್ಚುಕಡಿಮೆ ಅಳಿಯುತ್ತದೆ. ಆರಂಭದ ಭಾಗಕ್ಕೆ ಈ ಉಪಾಯ ಬೇಡ, ಅಲ್ಲಿ ಗದ್ದಲ ತಡೆಯಲು ಟ್ರಾನ್ಸಿಸ್ಟರನ್ನು ಲೋಹದ ಪೆಟ್ಟಿಗೆಯೊಳಗೆ ಇಡುವುದೇ ಗತಿ.

ಪ್ರಶ್ನೆ ಕೇಳಿದವರು: ಇನ್ನೂ ವೇಗ ಬೇಕಾದರೆ?

ಉತ್ತರ 2: ಮೈಕ್ರೊಸೆಕೆಂಡ್ ಮಟ್ಟಕ್ಕೆ 2400 ಹೇಳಿಸಿದ್ದಲ್ಲ. ಕೀತ್ಲಿಯದೇ ಡಿಎಂಎಂ 6500 ಎಂಬ ಡಿಜಿಟಲ್ ಮಲ್ಟಿಮೀಟರ್ ಸೆಕೆಂಡಿಗೆ 10 ಲಕ್ಷ ಮಾದರಿ ಹಿಡಿಯುತ್ತದೆ. ಅದಕ್ಕೆ ಮೊದಲು ಟ್ರಾನ್ಸಿಸ್ಟರ್ ಜಾಗದಲ್ಲಿ 1 ಮೆಗಾಓಮ್ ರೆಸಿಸ್ಟರ್ ಇಟ್ಟು ಇದೇ ಪ್ರೋಗ್ರಾಂ ಓಡಿಸಿ. 10 ಮೈಕ್ರೊಆಂಪಿಯರ್‌ನ ಸಮತಟ್ಟು ಗೆರೆ ಬರಬೇಕು. ಆರಂಭದಲ್ಲಿ ಕಾಣುವ ಏರಿಳಿತವೆಲ್ಲ ನಿಮ್ಮ ಜೋಡಣೆಯದು. ಆ ಗ್ರಾಫನ್ನು ಇಲ್ಲಿ ಹಾಕಿ, ನೋಡಿ ಮುಂದಿನದು ಹೇಳುತ್ತೇನೆ.