ಸಾಫ್ಟ್‌ವೇರ್ ಕಂಪೆನಿ ಮುಚ್ಚಿತು, ಅವರ ವೆಬ್‌ಸೈಟಿನಲ್ಲಿ ಈಗ ರಮ್ಮಿ. ನನ್ನ ಬಿಲ್ಲಿನಲ್ಲಿ ಇನ್ನೂ ಅದೇ ಅಡ್ರೆಸ್!

ಬದಿಯಡ್ಕದ ಅಂಗಡಿಯವ:
ಬದಿಯಡ್ಕದಲ್ಲಿ ನನ್ನದೊಂದು ಅಡಿಕೆ, ಕಾಳುಮೆಣಸು ಖರೀದಿ ಅಂಗಡಿ ಉಂಟು. 12 ವರ್ಷದ ಹಿಂದೆ ಒಂದು ಸಣ್ಣ ಕಂಪೆನಿಯವರು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದರು. ಪಟೋರ, ಉಳ್ಳಿ, ಕೋಕ, ಕರಿಗೋಟು, ಹೀಗೆ ಅಡಿಕೆಯ ಎಲ್ಲ ದರ್ಜೆಗೂ ಬೇರೆ ಬೇರೆ ದರ ಹಾಕಬಹುದು. ಗೋಣಿಯ ತೂಕ ಅದೇ ಕಳೆಯುತ್ತದೆ. ಹೊಸತು ಎರಡು ಮೂರು ನೋಡಿದೆ, ಇಷ್ಟು ಸಲೀಸಿಲ್ಲ. ಹಾಗಾಗಿ ಇದನ್ನೇ ಇಟ್ಟುಕೊಂಡಿದ್ದೇನೆ.

ಕಂಪೆನಿ ಬಾಗಿಲು ಹಾಕಿ ಮೂರು ವರ್ಷ ಆಯಿತು. ಸಾಫ್ಟ್‌ವೇರ್ ಮಾತ್ರ ಓಡುತ್ತಾ ಇದೆ. ಈ ಸಲ ಮೇ ಕೊನೆಗೆ ಅವರ ವೆಬ್‌ಸೈಟ್ ಓಪನ್ ಆಗುವುದು ನಿಂತಿತು. ನಾನು ತಲೆಕೆಡಿಸಿಕೊಳ್ಳಲಿಲ್ಲ. ಆಗಸ್ಟ್ ಮಧ್ಯದಲ್ಲಿ ಆಟಿ ತಿಂಗಳು ಕಳೆದ ಮೇಲೆ ಒಂದು ದಿನ, ಎರಡು ಗೋಣಿ ಹಳೆ ಅಡಿಕೆ ಕೊಟ್ಟುಹೋಗಿದ್ದ ಮೇಸ್ಟ್ರು ಫೋನ್ ಮಾಡಿದರು. "ಎಂತ ಮಾರಾಯ್ರೇ, ಅಡಿಕೆ ಬಿಟ್ಟು ಇಸ್ಪೀಟು ಶುರು ಮಾಡಿದ್ರಾ?"

ಬಿಲ್ಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಆ ಕಂಪೆನಿಯ ವೆಬ್ ಅಡ್ರೆಸ್ ಪ್ರಿಂಟ್ ಆಗುತ್ತದೆ. ಮೇಸ್ಟ್ರ ಮಗ ಅದನ್ನು ಮೊಬೈಲಿನಲ್ಲಿ ಹೊಡೆದು ನೋಡಿದ್ದಾನೆ. ಪೂರಾ ರಮ್ಮಿ!

ದುಡ್ಡು ಕೊಟ್ಟು ಕೊಂಡ ಹೆಸರಲ್ವಾ ಅದು? ಇನ್ನೊಬ್ಬನ ಕೈಗೆ ಹೇಗೆ ಹೋಯಿತು? ಬಿಲ್ಲಿನ ಆ ಸಾಲು ತೆಗೆಯಲು ದಾರಿ ಉಂಟಾ? ಸೆಟ್ಟಿಂಗ್ಸ್‌ನಲ್ಲಿ ಎಲ್ಲೂ ಕಾಣುವುದಿಲ್ಲ.

ನೀರ್ಚಾಲಿನ ಅಣ್ಣ:
ಕೊಂಡದ್ದಲ್ಲ ಅಣ್ಣಾ, ಗೇಣಿಗೆ ಹಿಡಿದದ್ದು. ಅದೂ ಚಾಲಗೇಣಿ, ಶಾಶ್ವತವಾದ ಮೂಲಗೇಣಿ ಅಲ್ಲ. ವರ್ಷ ವರ್ಷ ಕಟ್ಟದಿದ್ದರೆ ಜಾಗ ಖಾಲಿ. ಸಾಫ್ಟ್‌ವೇರ್ ನಿಮ್ಮ ಕಂಪ್ಯೂಟರಿನಲ್ಲಿ ಇರುವುದರಿಂದ ಓಡುತ್ತದೆ. ಹೆಸರಿನ ಕಥೆ ಬೇರೆ.

ಅವಧಿ ಮುಗಿದ ಕೂಡಲೇ ಯಾರಿಗೂ ಕೊಟ್ಟುಬಿಡುವುದಿಲ್ಲ. ಡಾಟ್ ಕಾಮ್ ಆದರೆ ಹಳಬರು ಮಾಮೂಲು ದರದಲ್ಲಿ ಕಟ್ಟಿ ಉಳಿಸಿಕೊಳ್ಳಲು ಹೆಚ್ಚೆಂದರೆ 45 ದಿನ ಸಿಗುತ್ತದೆ. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಗೆ 5 ದಿನ ಯಾರೂ ಮುಟ್ಟುವ ಹಾಗಿಲ್ಲ. ಅದು ಕಳೆದರೆ ಮೊದಲು ಬಂದವನಿಗೆ. ಮೇ ಕೊನೆಗೆ 80 ದಿನ ಕೂಡಿಸಿ ನೋಡಿ, ಆಟಿ ಮುಗಿಯುವ ಹೊತ್ತಿಗೇ ಬರುತ್ತದೆ!

ಇಂಥ ಹೆಸರು ಯಾವಾಗ ಬೀಳುತ್ತದೆ ಅಂತ ಕಾಯುವುದೇ ಕೆಲವರ ಕಸುಬು. ಹಳೆ ಹೆಸರಿಗೆ ಬೇರೆ ಸೈಟುಗಳಿಂದ ಲಿಂಕ್ ಇರುತ್ತದೆ, ಗೂಗಲ್‌ನಲ್ಲಿ ಅಷ್ಟಿಷ್ಟು ಮರ್ಯಾದೆ ಇರುತ್ತದೆ. ರಮ್ಮಿಯವನಿಗೆ ಅದು ಬೇಕು, ನಿಮ್ಮ ಅಡಿಕೆ ಅಲ್ಲ.

ಪೆರ್ಲದ ಹುಡುಗ, ಈಗ ಬೆಂಗಳೂರು:
ಬಿಲ್ಲಿನ ಸಾಲು ಬಿಡಿ, ಅದು ಬರೀ ಮುಜುಗರ. ಸಾಫ್ಟ್‌ವೇರ್ ಆ ಹೆಸರಿಗೆ ಒಳಗಿಂದಲೇ ಫೋನ್ ಮಾಡುತ್ತದಾ ನೋಡಿ. ಬೆಳಿಗ್ಗೆ ಓಪನ್ ಮಾಡಿದಾಗ ಅಪ್‌ಡೇಟ್ ಹುಡುಕುವ ಡಬ್ಬ ಬರುತ್ತದಾ? ಬಂದರೆ ಅದು ಈಗ ಕೇಳುತ್ತಿರುವುದು ರಮ್ಮಿಯವನ ಹತ್ತಿರ. ಅವನು ಏನು ಕೊಟ್ಟರೂ ನಿಮ್ಮ ಕಂಪ್ಯೂಟರ್ ನಂಬಬಹುದು.

ಸುಮ್ನೆ ಹೆದರಿಸುತ್ತಿಲ್ಲ. ಡಾಟ್ ಕಾಮ್ ಇದ್ದ ಹಾಗೆ ಡಾಟ್ ಮೊಬಿ ಅಂತಲೂ ಉಂಟು. ಆ ಹೆಸರುಗಳ ವಿವರ ಕೊಡುವ ಸರ್ವರ್ ಹೊಸ ಅಡ್ರೆಸ್ಸಿಗೆ ಹೋಯಿತು, ಹಳೆ ಡೊಮೈನನ್ನು, ಅಂದರೆ ಹಳೆ ವೆಬ್ ಹೆಸರನ್ನು, ಯಾರೂ ನವೀಕರಿಸಲಿಲ್ಲ. 2024ರಲ್ಲಿ ಭದ್ರತೆ ಪರೀಕ್ಷೆ ಮಾಡುವವರು ಅದನ್ನು 20 ಡಾಲರಿಗೆ ತೆಗೆದುಕೊಂಡರು. ನೋಡಿದರೆ ಲಕ್ಷಕ್ಕೂ ಜಾಸ್ತಿ ಸಿಸ್ಟಮ್‌ಗಳು ಇನ್ನೂ ಹಳೆ ಅಡ್ರೆಸ್ಸನ್ನೇ ಕೇಳುತ್ತಿದ್ದವು.

ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ವಿಂಡೋಸ್‌ನ ಹೋಸ್ಟ್ಸ್ ಫೈಲಿನಲ್ಲಿ (ಯಾವ ಹೆಸರು ಎಲ್ಲಿಗೆ ಹೋಗಬೇಕು ಅಂತ ಬರೆದಿಡುವ ಫೈಲು) 127.0.0.1, ಅಂದರೆ ನಿಮ್ಮದೇ ಕಂಪ್ಯೂಟರಿನ ನಂಬರ್, ಬರೆದು, ಜಾಗ ಬಿಟ್ಟು ಆ ಡೊಮೈನ್ ಹೆಸರು ಹಾಕಿ. ಮುಂದೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಸೇರಿಸಿ ಇನ್ನೊಂದು ಸಾಲು. ಆಮೇಲೆ ಆ ಕರೆ ನಿಮ್ಮ ಮನೆಯ ಅಂಗಳ ದಾಟುವುದಿಲ್ಲ.

ಇನ್ನೊಂದು, ಆ ಹೆಸರಿನ ಇಮೇಲ್ ಏನಾದರೂ ಇಟ್ಟುಕೊಂಡಿದ್ದೀರಾ?

ಬದಿಯಡ್ಕದ ಅಂಗಡಿಯವ:
ಡಬ್ಬ ಬರುತ್ತದೆ, ದಿನಾ. ನಾನು ನೋಡದೆ ಮುಚ್ಚುವುದು.

ಇಮೇಲ್ ಅಂದಾಗ ಮಾತ್ರ ಕೈಕಾಲು ತಣ್ಣಗಾಯಿತು. ಅಂಗಡಿ ಹೆಸರಿನಲ್ಲಿ ಒಂದು ಇಮೇಲ್ ಅವರೇ ಮಾಡಿಕೊಟ್ಟಿದ್ದರು, ಕೊನೆಯಲ್ಲಿ ಅವರ ಡೊಮೈನ್. 2017ರಲ್ಲಿ ಜಿಎಸ್‌ಟಿ ಬಂದಾಗ ಅದನ್ನೇ ಕೊಟ್ಟದ್ದು. ಬ್ಯಾಂಕಿಗೂ ಅದೇ.

ಪೆರ್ಲದ ಹುಡುಗ, ಈಗ ಬೆಂಗಳೂರು:
ಊಟ ಆಮೇಲೆ ಮಾಡಿ. ಈಗ ಆ ಹೆಸರು ಯಾರದೋ, ಆ ಹೆಸರಿಗೆ ಬರುವ ಪತ್ರವೂ ಅವನದೇ. ನಿಮ್ಮ ಇಮೇಲನ್ನು ಅವನು ಹೊಸತಾಗಿ ತೆರೆದು ಕೂತರೆ ಪಾಸ್‌ವರ್ಡ್ ಬದಲಿಸುವ ಲಿಂಕ್ ಅವನ ಕೈಗೆ. ಮೊದಲು ಬ್ಯಾಂಕ್, ಆಮೇಲೆ ಜಿಎಸ್‌ಟಿ, ಆಮೇಲೆ ಉಳಿದದ್ದು.

ಮಂಜೇಶ್ವರದಿಂದ:
ಮರೆಯುವುದು ಸಣ್ಣವರು ಮಾತ್ರ ಅಲ್ಲ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್‌ನವರೇ ತಮ್ಮ ಇಮೇಲ್ ಸೇವೆ ಹಾಟ್‌ಮೇಲ್‌ನ ಲಾಗಿನ್‌ಗೆ ಬೇಕಾದ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿಗೆ ದುಡ್ಡು ಕಟ್ಟಲು ಮರೆತು ಲಾಗಿನ್ ನಿಂತಿತ್ತು. ಯಾರೋ ಒಬ್ಬ ಪ್ರೋಗ್ರಾಮರ್ ತನ್ನ ಕಿಸೆಯಿಂದ 35 ಡಾಲರ್ ಕಟ್ಟಿದ. ನಿಮ್ಮ ಬಿಲ್ಲಿನ ಸಾಲಿಗೆ ಒಂದು ಉಪಾಯ: ಪ್ರಿಂಟರಿನಲ್ಲಿ ಪೇಪರ್ ಉದ್ದ ಅರ್ಧ ಇಂಚು ಕಮ್ಮಿ ಮಾಡಿ ನೋಡಿ.

ಬದಿಯಡ್ಕದ ಅಂಗಡಿಯವ:
ಎಲ್ಲರಿಗೂ ಉಪಕಾರ ಆಯಿತು. ಜಿಎಸ್‌ಟಿ ಇಮೇಲ್ ಪೋರ್ಟಲಿನಲ್ಲೇ ಬದಲಾಯಿಸಿದೆ. ಬ್ಯಾಂಕಿನಲ್ಲಿ ಫಾರಂ ತುಂಬಿ ಒಂದು ಮಧ್ಯಾಹ್ನ ಹೋಯಿತು. ಹೋಸ್ಟ್ಸ್ ಫೈಲ್ ಕೆಲಸ ತಂಗಿಯ ಮಗ ಮಾಡಿದ, ಡಬ್ಬ ಈಗ "ಸಂಪರ್ಕ ಇಲ್ಲ" ಅನ್ನುತ್ತದೆ.

ಪೇಪರ್ ಕಮ್ಮಿ ಮಾಡಿದರೆ ಒಟ್ಟು ಮೊತ್ತವೇ ಕಟ್ ಆಗುತ್ತದೆ ಮಾರಾಯ್ರೇ. ಅಡಿಕೆ ಕೊಟ್ಟವರು ಬಿಡುತ್ತಾರಾ? ಸದ್ಯಕ್ಕೆ ಆ ಸಾಲಿನ ಮೇಲೆಯೇ ಅಂಗಡಿಯ ಸೀಲ್ ಒತ್ತುತ್ತಿದ್ದೇನೆ. ಮೇಸ್ಟ್ರು ನಿನ್ನೆ ಕಾಳುಮೆಣಸು ತಂದಿದ್ದರು. ಬಿಲ್ ಕೈಗೆ ಕೊಟ್ಟರೆ ಕನ್ನಡಕ ಏರಿಸಿ ಅಡಿಯಿಂದಲೇ ಓದಲು ಶುರು ಮಾಡಿದರು.