ಮರು: ಫಾಲ್ಟಿ ಪ್ಯಾಚ್, ರೋಲ್‌ಬ್ಯಾಕ್ - ಕನ್ನಡ ಪದ ಬೇಕು, ಅರ್ಜೆಂಟ್

> ಸರ್ವರ್ ರೂಮಿನ ಬೋರ್ಡು, ಸಂಜೆಯೊಳಗೆ ಪ್ರಿಂಟಿಗೆ ಹೋಗ್ಬೇಕು. ಎರಡಕ್ಕೂ ಒಂದೊಂದು ಪದ ಸಾಕು.

ಪ್ಯಾಚ್, ಅಂದ್ರೆ ಸಾಫ್ಟ್‌ವೇರಿನ ದೋಷ ಸರಿಮಾಡೋಕೆ ಹಾಕೋ ಅಪ್‌ಡೇಟು, ಅದಕ್ಕೆ ತೇಪೆ. ಕೆಟ್ಟಿದ್ರೆ ಕೆಟ್ಟ ತೇಪೆ. ಮೇಲೆ ಒಬ್ರು ಕೊಟ್ಟಿರೋ ‘ದೋಷಯುಕ್ತ ಪರಿಷ್ಕರಣ ಖಂಡ’ ಖಂಡಿತ ಬೇಡ, ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಿರುವಾಗ ಅದನ್ನ ಯಾರು ಬಿಡಿಸಿ ಓದ್ತಾರೆ. ತೇಪೆ ಅಂದ್ರೆ ಹರಕುಬಟ್ಟೆ ನೆನಪಾಗತ್ತೆ ಅಂತೀರಲ್ಲ, ಇಂಗ್ಲಿಷಿನದ್ದೂ ಅದೇ ಹರಕುಬಟ್ಟೆ ಮಾತೇ ಸ್ವಾಮಿ. ಪ್ರೋಗ್ರಾಂ ಎಲ್ಲ ತೂತು ಹೊಡೆದ ಕಾರ್ಡು, ಪೇಪರ್ ಟೇಪಲ್ಲಿ ಇರ್ತಿದ್ದ ಕಾಲದಲ್ಲಿ ತಪ್ಪು ಬಿದ್ದ ತೂತಿನ ಮೇಲೆ ನಿಜವಾಗ್ಲೂ ಕಾಗದದ ಚೂರು ಅಂಟಿಸ್ತಿದ್ರು.

ರೋಲ್‌ಬ್ಯಾಕ್, ಅಂದ್ರೆ ಮೊದಲಿದ್ದ ಹಾಗೆ ವಾಪಸ್ ತರೋದು, ಅದಕ್ಕೆ ಮಾತ್ರ ಒಂದು ಪದ ಸಾಲಲ್ಲ. ‘ಪ್ರತ್ಯಾವರ್ತನ’ವೋ ‘ಹಿನ್ನಡೆಸು’ವೋ ಅಂತ ನೀವಿಬ್ರು ನಿನ್ನೆಯಿಂದ ಜಗಳ ಆಡ್ತಿದೀರ, ಯಾವ ಕೆಲಸಕ್ಕೆ ಅಂತ ಇಬ್ರೂ ಕೇಳ್ಲಿಲ್ಲ. 2022ರ ಜನವರಿ 11ರ ವಿಂಡೋಸ್ ಸರ್ವರ್ ಅಪ್‌ಡೇಟ್ ಹಾಕಿದ ಎಷ್ಟೋ ಡೊಮೈನ್ ಕಂಟ್ರೋಲರ್‌ಗಳು (ಆಫೀಸಿನ ಲಾಗಿನ್ ಎಲ್ಲ ನೋಡ್ಕೊಳ್ಳೋ ಸರ್ವರ್‌ಗಳು) ಪದೇಪದೇ ತಾವೇ ರೀಸ್ಟಾರ್ಟ್ ಆಗ್ತಿದ್ವು, ಸರಿಪಡಿಸಿದ ಅಪ್‌ಡೇಟ್ ಬಂದಿದ್ದು 17ಕ್ಕೆ, ಅಲ್ಲೀವರೆಗೂ ಜನ ಆ ಅಪ್‌ಡೇಟ್ ಒಂದನ್ನೇ ತೆಗೆದು ಹಾಕ್ತಿದ್ರು. ಅದು ತೇಪೆ ಬಿಚ್ಚೋದು. ಎರಡನೇದು ಸ್ನ್ಯಾಪ್‌ಶಾಟ್, ಅಂದ್ರೆ ಮಷೀನ್ ಒಂದು ಹೊತ್ತಲ್ಲಿ ಹೇಗಿತ್ತೋ ಹಾಗೇ ಹಿಡಿದಿಟ್ಟ ಪ್ರತಿ. ಅದಕ್ಕೆ ಹೋದ್ರೆ ಇಡೀ ಮಷೀನೇ ಹಿಂದಕ್ಕೆ ಹೋಗತ್ತೆ, ನಡುವೆ ಆದ ಎಂಟ್ರಿ ಎಲ್ಲ ಮಾಯ. ನಾನು ಹಿಂದೆ ಇದ್ದ ಆಫೀಸಲ್ಲಿ ಚೀಟೀಲಿ ಬರೀ ‘ವಾಪಸ್ ತನ್ನಿ’ ಅಂತಿತ್ತು, ಹುಡುಗ ಸ್ನ್ಯಾಪ್‌ಶಾಟ್ ಹಾಕ್ಬಿಟ್ಟ, ಅರ್ಧ ದಿನದ ಬಿಲ್ಲುಗಳನ್ನ ಕಾಗದ ನೋಡ್ಕೊಂಡು ಮತ್ತೆ ಕುಟ್ಟಿದ್ವಿ. ಹುಡುಗನದೇನೂ ತಪ್ಪಿಲ್ಲ, ಪದದ ತಪ್ಪು.

ಮೂರನೇದೂ ಇದೆ, ಅಪ್‌ಡೇಟ್ ಕೊಟ್ಟ ಕಂಪನಿನೇ ಅದನ್ನ ಹಿಂಪಡೆಯೋದು. 2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿ ತನ್ನ ಅಪ್‌ಡೇಟಿನ ಕೆಟ್ಟ ಫೈಲನ್ನ 78 ನಿಮಿಷದಲ್ಲೇ ಹಿಂಪಡೀತು, ಆದ್ರೂ ಸುಮಾರು 85 ಲಕ್ಷ ವಿಂಡೋಸ್ ಮಷೀನ್ ಬಿದ್ವು, ಎಷ್ಟೋ ಕಡೆ ಒಂದೊಂದರ ಮುಂದೂ ಕೂತು ಸೇಫ್ ಮೋಡ್‌ನಲ್ಲಿ (ತೀರಾ ಬೇಕಾದಷ್ಟೇ ಪ್ರೋಗ್ರಾಂ ಇಟ್ಕೊಂಡು ವಿಂಡೋಸ್ ಶುರು ಮಾಡೋದು) ಕೈಯಾರೆ ಫೈಲ್ ಅಳಿಸ್ಬೇಕಾಯ್ತು. ಕಂಪನಿ ಹಿಂಪಡೆದ ಮಾತ್ರಕ್ಕೆ ನಿಮ್ಮ ತೇಪೆ ಬಿಚ್ಚಲ್ಲ.

‘ಸರ್ವರ್’ ಹಾಗೇ ಇರ್ಲಿ, ಅದನ್ನೂ ಬದಲಾಯಿಸ್ಬೇಕು ಅನ್ನೋವ್ರ ಜೊತೆ ವಾದಕ್ಕೆ ಟೈಮಿಲ್ಲ. ಬಸ್ಸು, ಬಿಲ್ಲಿನ ಹಾಗೆ ಅದೂ ನಮ್ದಾಗಿದೆ. ತೇಪೆ ಮನೇಲೇ ಇತ್ತು, ಅದಕ್ಕೆ ಸಾಲ ಯಾಕೆ ಅನ್ನೋದಷ್ಟೇ ನನ್ನ ತಕರಾರು.

ಬೋರ್ಡಿಗೆ ಇಷ್ಟು ಹಾಕಿ: ‘ತೇಪೆ ಕೈಕೊಟ್ಟರೆ ಮೊದಲು ತೇಪೆ ಬಿಚ್ಚಿ. ಬ್ಯಾಕಪ್ ನೋಡದೆ ಸರ್ವರನ್ನು ಹಿಂದಿನ ಸ್ಥಿತಿಗೆ ತರಬೇಡಿ.’